ದೀರ್ಘಾಯುಷ್ಯದ ಐತಿಹ್ಯವೂ ಜನನಕಾಲದ ಪ್ರಮಾಣವೂ

ವಿಜಯನಗರದ ಇತಿಹಾಸದಲ್ಲಿ ಅತಿ ವೃದ್ಧರ ಉಲ್ಲೇಖಗಳು ಅಲ್ಲಲ್ಲಿ ದೊರೆಯುತ್ತವೆ. 1565ರ ಜನವರಿಯಲ್ಲಿ ರಣರಂಗದಲ್ಲಿ ಮಡಿದ ಅಳಿಯ ರಾಮರಾಯನಿಗೆ ಆಗ ತೊಂಬತ್ತಾರು ವರ್ಷವಾಗಿದ್ದಿತೆಂದು ಪೋರ್ತುಗೀಸ್ ಚರಿತ್ರಕಾರ ಕೂಟೊ ಹೇಳುತ್ತಾನೆ. ಮರಣದ ವರ್ಷ ನಿಶ್ಚಿತವಾದ ಮಾತ್ರಕ್ಕೆ ವಯಸ್ಸು ನಿಶ್ಚಿತವಾಗದು. ಜನನಕ್ಕೆ ಬೇರೆಯೇ ಪ್ರಮಾಣ ಬೇಕು. ಈ ಪ್ರಮಾಣದ ಸ್ವರೂಪವನ್ನು ನಾವಿಲ್ಲಿ ಪರಿಶೀಲಿಸಬಯಸುತ್ತೇವೆ.

ನಮ್ಮವರು ಹುಟ್ಟಿದ ವರ್ಷವನ್ನು ಸಂವತ್ಸರದ ಹೆಸರಿನಿಂದ ನೆನೆಯುವುದು ವಾಡಿಕೆ. ಆದರೆ ಅರವತ್ತು ವರ್ಷಗಳಿಗೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿರುವ ಕೃಷ್ಣದೇವರಾಯನ ಶಾಸನ ಶುಕ್ಲ ಸಂವತ್ಸರದೊಡನೆ ಶಕವರ್ಷವನ್ನೂ ಹೇಳುವುದರಿಂದ ಅದು ಯಾವ ಶುಕ್ಲವೆಂಬ ಸಂದೇಹಕ್ಕೆ ಎಡೆಯಿಲ್ಲ. ಮನೆಮಾತಿನ ನೆನಪಿಗೆ ಇಂತಹ ಊರೆಗೋಲಿಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿಯೂ ಸೇರಿದರೆ ಇಬ್ಬರ ಆಯುಷ್ಯ ಒಬ್ಬನ ಲೆಕ್ಕಕ್ಕೆ ಬೀಳುವುದು ಅಸಾಧ್ಯವಲ್ಲ.

ವ್ಯಾಸತೀರ್ಥರ ಶಿಷ್ಯರೆಂದು ಪ್ರಸಿದ್ಧರಾದ ಸೋದೆಯ ಶ್ರೀ ವಾದಿರಾಜರು 1480ರಿಂದ 1600ರವರೆಗೆ, ಅಂದರೆ ನೂರಿಪ್ಪತ್ತು ವರ್ಷ, ಬಾಳಿದರೆಂಬುದು ಸಂಪ್ರದಾಯ. ಈ ಎರಡು ವರ್ಷಗಳೂ ಶಾರ್ವರಿಗಳೇ. ನಡುವಿನ ಕಾಲ ಎರಡು ಪೂರ್ಣ ಚಕ್ರ. ನೂರಿಪ್ಪತ್ತು ನಮ್ಮ ಜ್ಯೋತಿಷದಲ್ಲಿ ಪೂರ್ಣಾಯುಷ್ಯದ ಸಂಖ್ಯೆಯೂ ಹೌದು. ಇದುವರೆಗೆ ದಾಖಲೆಗಳಿಂದ ದೃಢಪಟ್ಟ ಪರಮಾಯುಷ್ಯ, 1997ರಲ್ಲಿ ತೀರಿಕೊಂಡ ಫ್ರಾನ್ಸಿನ ಜಾನ್ ಕಾಲ್ಮಾಳದು, 122 ವರ್ಷ. ಪುರುಷರಲ್ಲಿ ಜಪಾನಿನ ಜಿರೊಯೆಮೊನ್ ಕಿಮುರನದು, 116 ವರ್ಷ. ಇದರಿಂದ ಸಂಪ್ರದಾಯ ಸುಳ್ಳೆಂದು ಸಿದ್ಧವಾಗದು. ಆದರೆ ಸಂಖ್ಯೆ ಅಸಾಧಾರಣವಾದಷ್ಟೂ ಜನನದ ಪ್ರಮಾಣ ಬಲವಾಗಿರಬೇಕೆಂಬುದು ಸ್ಪಷ್ಟ. ಆ ಮಹನೀಯರ ಗ್ರಂಥಗಳ ಹಿರಿಮೆ ಈ ಸಂಖ್ಯೆಯನ್ನು ಅವಲಂಬಿಸಿಲ್ಲ.

ನಮ್ಮ ಕಾಲದ ವೃದ್ಧರ ವಿಷಯದಲ್ಲಿಯೂ ತೊಡಕು ಇಲ್ಲದಿಲ್ಲ. ಹೊಸಪೇಟೆ, ಹಂಪೆ, ಕಂಪ್ಲಿಗಳು 1953ರವರೆಗೆ ಮದರಾಸಿನ ಆಡಳಿತದಲ್ಲಿದ್ದವು. ಸಂಡೂರು 1949ರವರೆಗೆ ಪ್ರತ್ಯೇಕ ಸಂಸ್ಥಾನ. ಕೆಲವೇ ಹರದಾರಿಗಳ ಅಂತರದಲ್ಲಿ ಹುಟ್ಟಿದವರ ದಾಖಲೆಗಳನ್ನು ಬೇರೆ ಬೇರೆ ಕಡೆ ಅರಸಬೇಕಾಗುತ್ತದೆ. ಇಡೀ ದೇಶಕ್ಕೆ ಒಂದೇ ಜನನ-ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ.

ದಾಖಲೆ ಸಿಗದೆಡೆ ನೆನಪನ್ನೇ ಒರೆಗೆ ಹಚ್ಚಬೇಕು. ‘ನಿಮಗೆ ವಯಸ್ಸೆಷ್ಟು?’ ಎಂದು ಕೇಳಿದರೆ ಹತ್ತರ ಲೆಕ್ಕದ ದುಂಡು ಸಂಖ್ಯೆ ಬರುವುದೇ ಹೆಚ್ಚು. ‘ತುಂಗಭದ್ರೆಯ ಅಣೆಕಟ್ಟಿನ ಕೆಲಸ ಮೊದಲಾದಾಗ ಮದುವೆಯಾಗಿತ್ತೆ? ಮಕ್ಕಳಿದ್ದರೆ?’ ಎಂದು ಕೇಳಿದರೆ 1945ರ ಸುತ್ತ ಒಂದು ಗೆರೆ ದೊರೆಯುತ್ತದೆ. ಒಡಹುಟ್ಟಿದವರ, ಮಕ್ಕಳ ವಯಸ್ಸುಗಳು ಆ ಗೆರೆಗೆ ಹೊಂದಬೇಕು. ಶಾಲೆಯ ದಾಖಲೆಯೋ ಭೂಮಿಯ ಪತ್ರವೋ ಅದನ್ನು ಸಮರ್ಥಿಸಬೇಕು. ಹೀಗೆ ಪರೀಕ್ಷಿಸಿದಾಗ ನೂರಹತ್ತು ತೊಂಬತ್ತೈದಕ್ಕೆ ಇಳಿಯಬಹುದು. ಅದರಿಂದ ಹಿರಿಯರಿಗೆ ಅಗೌರವವಾಗದು. ಅವರು ಕಂಡ ಕಾಲವನ್ನು ಅವರ ಮಾತಿನಿಂದಲೇ ಸರಿಯಾಗಿ ಗುರುತಿಸಿದಂತಾಗುತ್ತದೆ.