ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ನಂತರದ ಊಟ: ಕನ್ನಡ ಅಡುಗೆಮನೆಯ ನೆಲೆಯಿಂದ ಒಂದು ವಿವೇಚನೆ

ತೂಕ ಇಳಿಸಲು ನಡೆಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗಳಲ್ಲಿ ಇಂದು ಹೆಚ್ಚು ರೂಢಿಯಲ್ಲಿರುವವು ಎರಡು. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು 100ರಿಂದ 150 ಮಿಲಿಲೀಟರ್ ಹಿಡಿಯುವ ಕಿರಿದಾದ ಕೊಳವೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್‌ನ ಪುಟ್ಟ ಚೀಲವನ್ನು ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಈ ಎರಡನೆಯದರ ಮೂಲರೂಪವನ್ನು 1960ರ ದಶಕದಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ರೂಪಿಸಿದರು. ಜಠರ ಕಿರಿದಾಗುವುದರ ಜೊತೆಗೆ ಹಸಿವಿನ ಸಂಕೇತಗಳೂ ಬದಲಾಗುತ್ತವೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಗುರುತಿಸಿದರು. ಅದನ್ನು ಹೆಚ್ಚಾಗಿ ಸ್ರವಿಸುವ ಜಠರದ ಮೇಲ್ಭಾಗವೇ ಸ್ಲೀವ್‌ನಲ್ಲಿ ತೆಗೆದುಹೋಗುತ್ತದೆ. ಹೀಗಾಗಿ ಮೊದಲ ತಿಂಗಳುಗಳಲ್ಲಿ ಅನೇಕರಿಗೆ ಹಸಿವೆಂಬುದೇ ಕಾಣಿಸದು.

ಆಹಾರ ಮರಳಿ ಬರುವುದು ಹಂತಹಂತವಾಗಿ. ಮೊದಲ ಒಂದೆರಡು ದಿನ ತಿಳಿಯಾದ ದ್ರವ, ಆಮೇಲೆ ಎರಡು ವಾರದವರೆಗೆ ಹಾಲು, ಮಜ್ಜಿಗೆ, ಸೋಸಿದ ಬೇಳೆಕಟ್ಟಿನಂಥವು, ಅನಂತರ ನುಣ್ಣಗೆ ಅರೆದದ್ದು, ಮೆತ್ತಗೆ ಬೇಯಿಸಿದ್ದು. ಆರರಿಂದ ಎಂಟು ವಾರಗಳ ಹೊತ್ತಿಗೆ ಸಾಮಾನ್ಯ ಊಟ. ಕನ್ನಡ ಮನೆಗಳಿಗೆ ಈ ಮೊದಲ ಹಂತಗಳು ಕಷ್ಟವೆನಿಸುವುದಿಲ್ಲ. ಗಂಜಿ, ಅಂಬಲಿ, ತಿಳಿಸಾರು ಕಾಯಿಲೆಯವರ ಪಥ್ಯವಾಗಿ ತಲೆಮಾರುಗಳಿಂದ ಬಂದಿವೆ. ತೊಡಕು ಆರಂಭವಾಗುವುದು ಸಾಮಾನ್ಯ ಊಟಕ್ಕೆ ಬಂದಾಗ.

ಶಸ್ತ್ರಚಿಕಿತ್ಸೆಯಾದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆಂಬುದು ಸಾಮಾನ್ಯ ವೈದ್ಯಕೀಯ ಸಲಹೆ. ಅದು ಸಿಗದಿದ್ದರೆ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ. ನೂರು ಗ್ರಾಂ ಅನ್ನದಲ್ಲಿರುವುದು ಎರಡೂವರೆ ಗ್ರಾಂ ಆಸುಪಾಸು; ತೆಳ್ಳನೆಯ ಒಂದು ಸೌಟು ಸಾರಿನಲ್ಲಿ ಅದಕ್ಕಿಂತಲೂ ಕಡಿಮೆ. ಒಂದು ಹೊತ್ತಿಗೆ ಒಂದು ಬಟ್ಟಲಷ್ಟೇ ಹಿಡಿಯುವ ಹೊಟ್ಟೆಗೆ ಅನ್ನ-ಸಾರನ್ನು ತುಂಬಿದರೆ ಮೂರು ಊಟಕ್ಕೆ ಹದಿನೈದು ಗ್ರಾಂ ದಾಟುವುದಿಲ್ಲ. ಸಸ್ಯಾಹಾರಿಯೊಬ್ಬರು 400 ಮಿಲಿಲೀಟರ್ ಹಾಲು, 200 ಗ್ರಾಂ ಗಟ್ಟಿ ಮೊಸರು, 60 ಗ್ರಾಂ ಪನೀರ್, 40 ಗ್ರಾಂ ಬೇಳೆಯ ಗಟ್ಟಿ ತೊವ್ವೆ, 20 ಗ್ರಾಂ ಸೋಯಾ ತುಣುಕು ಇಷ್ಟನ್ನೂ ಒಂದೇ ದಿನದಲ್ಲಿ ತಿಂದರೂ ಸಿಗುವುದು ಐವತ್ತು ಗ್ರಾಂ ಸುತ್ತಮುತ್ತ. ಮೊದಲ ತಿಂಗಳುಗಳಲ್ಲಿ ಪ್ರೋಟೀನ್ ಪುಡಿ ಅನಿವಾರ್ಯವಾಗುವುದು ಈ ಲೆಕ್ಕದಿಂದಲೇ. ಅದನ್ನು ಕಂಪನಿಗಳ ಮಾರಾಟದ ತಂತ್ರವೆಂದು ತಳ್ಳಿಹಾಕುವುದು ಸರಿಯಲ್ಲ. ಮೊಟ್ಟೆ, ಮೀನು, ಕೋಳಿ ತಿನ್ನುವವರಿಗೆ ದಾರಿ ಸ್ವಲ್ಪ ಸುಲಭ, ಒಂದು ಮೊಟ್ಟೆಯಲ್ಲೇ ಆರು ಗ್ರಾಂ ಇರುತ್ತದೆ.

ಬಡಿಸುವ ಕ್ರಮವೂ ತಿರುವುಮುರುವಾಗಬೇಕಾಗುತ್ತದೆ. ನಮ್ಮ ತಟ್ಟೆಯ ನಡುವೆ ಅನ್ನವೋ ಮುದ್ದೆಯೋ ಇದ್ದು, ಉಳಿದದ್ದೆಲ್ಲ ಅದಕ್ಕೆ ನಂಚಿಕೊಳ್ಳಲು ಇರುತ್ತದೆ. ಹೊಸ ಜಠರಕ್ಕೆ ಮೊದಲು ತೊವ್ವೆ, ಉಸಲಿ ಅಥವಾ ಪನೀರ್, ಆಮೇಲೆ ತರಕಾರಿ, ಜಾಗ ಉಳಿದರೆ ಎರಡು ತುತ್ತು ಅನ್ನ. ಇದನ್ನು ಸಾಧಿಸಲು ಪರದೇಶದ ಪಟ್ಟಿ ಬೇಕಿಲ್ಲ. ಚಳಿಗಾಲದ ಹಿತಕಿದ ಅವರೆ ಸಿಪ್ಪೆ ಕಳೆದುಕೊಂಡು ಮೆತ್ತಗಿರುತ್ತದೆ. ಸಾರಿನ ನೀರಿಗಿಂತ ಕಾಳನ್ನೇ ಹೆಚ್ಚು ಹಾಕಿಕೊಂಡರೆ ಅದು ಒಳ್ಳೆಯ ಊಟ. ಹೆಸರುಬೇಳೆ ಕೋಸಂಬರಿ ಕೆಲವು ತಿಂಗಳ ನಂತರ ಚೆನ್ನಾಗಿ ಅಗಿದು ತಿನ್ನುವವರಿಗೆ ಹೊಂದುತ್ತದೆ. ಅಕ್ಕಿರೊಟ್ಟಿ, ಚಪಾತಿ, ಬ್ರೆಡ್ ಮಾತ್ರ ಹಲವರಿಗೆ ಬಹುಕಾಲ ಒಗ್ಗುವುದಿಲ್ಲ: ಒಳಗೆ ಹೋಗಿ ಉಂಡೆಗಟ್ಟಿ ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತದೆ.

ರಾಗಿಮುದ್ದೆಯ ವಿಷಯವನ್ನು ಪ್ರತ್ಯೇಕವಾಗಿ ನೋಡಬೇಕು. ಹಳೆ ಮೈಸೂರಿನ ಜಿಲ್ಲೆಗಳಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು ಸಾರಿನಲ್ಲಿ ಅದ್ದಿ ನುಂಗುವುದೇ ಸರಿಯಾದ ರೀತಿ ಎಂದು ಮಕ್ಕಳಿಗೂ ಕಲಿಸುತ್ತಾರೆ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ಪಾಠ ಇದಕ್ಕೆ ನೇರ ವಿರುದ್ಧ: ತುತ್ತು ಚಿಕ್ಕದಿರಬೇಕು, ಬಾಯಲ್ಲೇ ನುಣ್ಣಗಾಗುವವರೆಗೆ ಅಗಿಯಬೇಕು, ಒಂದು ಊಟಕ್ಕೆ ಇಪ್ಪತ್ತು-ಮೂವತ್ತು ನಿಮಿಷ ಕೊಡಬೇಕು. ನುಂಗಿದ ಮುದ್ದೆ ನೋವು, ವಾಂತಿ ತರಬಲ್ಲದು. ರಾಗಿಯಲ್ಲಿ ನೂರು ಗ್ರಾಂಗೆ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವುದರಿಂದ ಅದನ್ನು ಬಿಡಿಸುವುದೂ ಜಾಣತನವಲ್ಲ. ಹಾಲು ಬೆರೆಸಿದ ರಾಗಿ ಮಾಲ್ಟ್ ಅಥವಾ ಮಜ್ಜಿಗೆಯ ಅಂಬಲಿಯಾಗಿ ಅದನ್ನು ಉಳಿಸಿಕೊಳ್ಳಬಹುದು. ಆಹಾರತಜ್ಞರು ಮುದ್ದೆ ಬೇಡವೆಂದು ಹೇಳಿ ಸುಮ್ಮನಾದರೆ ರೋಗಿ ಕೆಲವೇ ವಾರಗಳಲ್ಲಿ ಹಳೆಯ ರೀತಿಗೆ ಮರಳುವ ಸಂಭವ ಹೆಚ್ಚು.

ಊಟದ ಜೊತೆಗಿನ ನೀರು, ಕೊನೆಯ ಮಜ್ಜಿಗೆಯನ್ನೂ ಅರ್ಧ ಗಂಟೆ ಮುಂದೂಡಲು ಹೇಳುತ್ತಾರೆ. ಈ ಸಲಹೆಗಿರುವ ಪುರಾವೆ ಅಷ್ಟು ಗಟ್ಟಿಯದಲ್ಲ, ಆದರೂ ಇರುವ ಅಲ್ಪ ಜಾಗವನ್ನು ದ್ರವವೇ ತುಂಬದಿರಲು ಇದು ನೆರವಾಗುತ್ತದೆ. ದಿನಕ್ಕೆ ಒಂದೂವರೆ ಲೀಟರ್ ದ್ರವ ಬೇಕಾದ್ದರಿಂದ ದಿನವಿಡೀ ಗುಟುಕರಿಸುತ್ತಿರಬೇಕು. ಬೈಪಾಸ್ ಆದವರು ಪಾಯಸ, ಹೋಳಿಗೆ, ಹಣ್ಣಿನ ರಸ ತೆಗೆದುಕೊಂಡರೆ ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದು, ಅರ್ಧ ಗಂಟೆಯೊಳಗೆ ಎದೆಬಡಿತ, ಬೆವರು, ಹೊಟ್ಟೆನೋವು, ಭೇದಿ ಕಾಣಿಸಬಹುದು. ಇದನ್ನು ಡಂಪಿಂಗ್ ಎನ್ನುತ್ತಾರೆ. ಒಂದರಿಂದ ಮೂರು ಗಂಟೆಗಳ ಬಳಿಕ ರಕ್ತದ ಸಕ್ಕರೆ ಕುಸಿದು ತಲೆಸುತ್ತು, ನಡುಕ ಬರುವುದು ಅದರ ಇನ್ನೊಂದು ಬಗೆ.

ಸಾಮಾಜಿಕ ಹೊಂದಾಣಿಕೆಯ ಬಗ್ಗೆ ವೈದ್ಯಕೀಯ ಪಠ್ಯಗಳು ಕಡಿಮೆ ಹೇಳುತ್ತವೆ, ಆದರೆ ನಿತ್ಯದ ತೊಂದರೆ ಅಲ್ಲಿಯೇ ಹೆಚ್ಚು. ಮದುವೆಮನೆಯ ಪಂಕ್ತಿಯಲ್ಲಿ ಎಲೆಯಲ್ಲಿ ಬಿಡುವುದು ಅನ್ನಕ್ಕೆ ಮಾಡುವ ಅವಮಾನ. ಉಪಚಾರ ಮಾಡುವವರಿಗೆ ‘ಸಾಕು’ ಎಂಬ ಮಾತು ಒಮ್ಮೆಗೆ ಕೇಳಿಸುವುದಿಲ್ಲ. ತುಂಬಿದ್ದರ ಸೂಚನೆ ಈಗ ಹೊಟ್ಟೆಯ ಭಾರವಲ್ಲ, ಎದೆಮೂಳೆಯ ಕೆಳಗಿನ ಒತ್ತಡ, ಬಿಕ್ಕಳಿಕೆ, ಕೆಲವರಿಗೆ ಮೂಗಿನಲ್ಲಿ ನೀರು. ಅದರ ಮೇಲೆ ಒಂದೇ ತುತ್ತು ಹೆಚ್ಚಾದರೂ ವಾಂತಿ. ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ಗೃಹಿಣಿಯರಿಗೆ ಹೊತ್ತುಹೊತ್ತಿಗೆ ಪ್ರೋಟೀನ್ ಪ್ರಧಾನವಾದ ಸಣ್ಣ ಊಟ ಎಂಬ ನಿಯಮ ಮನೆಯವರೆಲ್ಲ ಒಪ್ಪದೆ ನಡೆಯದು. ಆದ್ದರಿಂದ ಆಪ್ತಸಮಾಲೋಚನೆಗೆ ರೋಗಿಯೊಬ್ಬರನ್ನೇ ಕರೆಯದೆ, ಮನೆಯಲ್ಲಿ ಅಡುಗೆ ಮಾಡುವವರನ್ನೂ ಬಡಿಸುವವರನ್ನೂ ಕೂರಿಸಬೇಕು.

ತೂಕ ವೇಗವಾಗಿ ಇಳಿಯುವುದು ಮೊದಲ ಹನ್ನೆರಡರಿಂದ ಹದಿನೆಂಟು ತಿಂಗಳು. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದುಂಟು. ಪೋಷಣೆ ಸರಿಯಿದ್ದರೆ ಬಹುತೇಕ ಮತ್ತೆ ಬೆಳೆಯುತ್ತದೆ. ಆಮೇಲೆ ಹಸಿವು ಮೆಲ್ಲನೆ ಮರಳುತ್ತದೆ. 1987ರಲ್ಲಿ ಆರಂಭವಾದ ಸ್ವೀಡನ್ನಿನ ದೀರ್ಘಾವಧಿ ಅಧ್ಯಯನದಲ್ಲಿ ಬೈಪಾಸ್ ಆದವರ ತೂಕ ಹತ್ತು ವರ್ಷಗಳ ನಂತರವೂ ಮೂಲಕ್ಕಿಂತ ಸರಾಸರಿ ಶೇ. 25ರಷ್ಟು ಕಡಿಮೆಯಿತ್ತು, ಆದರೆ ಮೊದಲೆರಡು ವರ್ಷಗಳಲ್ಲಿ ಇಳಿದದ್ದರಲ್ಲಿ ಒಂದಿಷ್ಟು ಮರಳಿ ಬಂದಿತ್ತು. ಇಲ್ಲಿನ ಮನೆಗಳಲ್ಲಿ ತೂಕ ಮರಳುವ ಬಾಗಿಲು ಕುರುಕಲು ತಿಂಡಿ. ಚಕ್ಕುಲಿ, ನಿಪ್ಪಟ್ಟು, ಬಿಸ್ಕತ್ತುಗಳು ಬಾಯಲ್ಲೇ ಪುಡಿಯಾಗಿ ಕಿರಿದಾದ ಜಠರದಿಂದ ಬೇಗ ಜಾರುತ್ತವೆ, ತುಂಬಿದ ಭಾವ ಕೊಡುವುದಿಲ್ಲ. ಬೈಪಾಸ್‌ನ ನಂತರ ಮದ್ಯವೂ ರಕ್ತಕ್ಕೆ ಬೇಗ ಏರುತ್ತದೆ. ಎರಡನೆಯ ವರ್ಷದಿಂದ ಮದ್ಯವ್ಯಸನದ ಅಪಾಯ ಹೆಚ್ಚುವುದನ್ನು 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು.

ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಮತ್ತು ನಿಯತ ರಕ್ತಪರೀಕ್ಷೆ ಜೀವನಪೂರ್ತಿ ಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಅಂತರವಿರಬೇಕು. ಕಬ್ಬಿಣವನ್ನು ಕಾಫಿ-ಚಹಾದ ಜೊತೆ ತೆಗೆದುಕೊಳ್ಳಬಾರದು. ಗರ್ಭಧಾರಣೆಯನ್ನು ಹನ್ನೆರಡರಿಂದ ಹದಿನೆಂಟು ತಿಂಗಳು ಮುಂದೂಡುವುದು ಕ್ಷೇಮ. ಎಲ್ಲಕ್ಕಿಂತ ತುರ್ತಿನದು ಥಯಮಿನ್, ಅಂದರೆ ಬಿ1. ದೇಹದಲ್ಲಿ ಅದರ ಸಂಗ್ರಹ ಕೆಲವು ವಾರಗಳಿಗಷ್ಟೇ ಸಾಲುತ್ತದೆ. ವಾಂತಿ ನಿಲ್ಲದೆ ಹೋದರೆ ಕಣ್ಣಿನ ಚಲನೆ, ನಡಿಗೆ, ನೆನಪು ಕೆಡುವ ವೆರ್ನಿಕೆ ಮಿದುಳುಬೇನೆ ಬರಬಹುದು. ಥಯಮಿನ್ ಕೊಡದೆ ಗ್ಲೂಕೋಸ್ ಡ್ರಿಪ್ ಏರಿಸಿದರೆ ಅದು ಉಲ್ಬಣಿಸುತ್ತದೆ. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳಿದವರು ವಾಂತಿಯೆಂದು ಮೊದಲು ಹೋಗುವುದು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ. ಯಾವ ಶಸ್ತ್ರಚಿಕಿತ್ಸೆ ಆಗಿದೆ, ಗ್ಲೂಕೋಸ್‌ಗೆ ಮುನ್ನ ಥಯಮಿನ್ ಕೊಡಬೇಕು ಎಂಬ ಎರಡು ಸಾಲನ್ನು ಡಿಸ್ಚಾರ್ಜ್ ಚೀಟಿಯ ಮೊದಲ ಪುಟದಲ್ಲೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಪ್ಪಕ್ಷರದಲ್ಲಿ ಬರೆದುಕೊಡಬೇಕು.