ಮೂರ್ ಮಾರ್ಕೆಟ್ಟಿನ ಅಂಗಳ

ಚೆನ್ನೈ ಸೆಂಟ್ರಲ್ ನಿಲ್ದಾಣದ ಪಕ್ಕದಲ್ಲಿ ಲೋಕಲ್ ರೈಲು ಹತ್ತುವ ನಮ್ಮ ಮಕ್ಕಳಿಗೆ 'ಮೂರ್ ಮಾರ್ಕೆಟ್' ಎಂಬುದು ಒಂದು ನಿಲ್ದಾಣದ ಹೆಸರು. ಮಾರ್ಕೆಟ್ ಎಲ್ಲಿ ಎಂದು ಅವರು ಕೇಳಿದರೆ ಹೊರಗಿಟ್ಟಿರುವ ಸಣ್ಣ ಪ್ರತಿಕೃತಿಯೊಂದನ್ನು ತೋರಿಸಿ ಸುಮ್ಮನಾಗುತ್ತೇವೆ.

ಹಿಂದಿನ ಶತಮಾನ ಹುಟ್ಟುವ ಹೊತ್ತಿಗೆ ಮದರಾಸಿನ ಬ್ರಾಡ್‌ವೇಯಲ್ಲಿ ವ್ಯಾಪಾರಿಗಳ ದಟ್ಟಣೆ ಅತಿಯಾಗಿತ್ತು. ಅವರಿಗೊಂದು ನೆಲೆ ಒದಗಿಸಲು ನಗರಸಭೆಯ ಅಧ್ಯಕ್ಷರಾಗಿದ್ದ ಸರ್ ಜಾರ್ಜ್ ಮೂರ್ 1898ರಲ್ಲಿ ಅಡಿಗಲ್ಲಿಟ್ಟರು. 1900ರಲ್ಲಿ ಕೆಂಪು ಕಟ್ಟಡ ತೆರೆಯಿತು. ಬೀದಿಯನ್ನು ತೆರವು ಮಾಡುವುದೇ ಉದ್ದೇಶ. ಆದರೆ ದೊರೆಗಳು ಎಣಿಸದ ಒಂದು ಲಾಭವೂ ಊರಿಗೆ ದಕ್ಕಿತು.

ಕಟ್ಟಡದ ನಡುವೆ ಅಂಗಳ, ಸುತ್ತ ಅಂಗಡಿಗಳ ಸಾಲು. ಒಂದು ಮಗ್ಗುಲಲ್ಲಿ ರೈಲು ನಿಲ್ದಾಣ, ಹಿಂದೆ ಪೀಪಲ್ಸ್ ಪಾರ್ಕ್, ಅದರೊಳಗೆ ಮೃಗಾಲಯ. ಹುಲಿ ನೋಡಲು ಬಂದ ಸಂಸಾರವೂ ಬೆಂಗಳೂರು ಮೇಲ್ ಇಳಿದ ನಮ್ಮವರೂ ಇಲ್ಲಿ ಒಂದು ಸುತ್ತು ಹಾಕಬಹುದಿತ್ತು. ಹಳೆಯ ಪುಸ್ತಕ, ಗ್ರಾಮಾಫೋನ್ ತಟ್ಟೆ, ಆಟದ ಸಾಮಾನು, ಸಾಕುವ ಹಕ್ಕಿ, ಹೀಗೆ ಏನೇನೋ. ತಮಿಳು ಬಾರದಿದ್ದರೆ ಬೆರಳೆಣಿಸಿ ಚೌಕಾಸಿ! ಹೇಳಿದ ಬೆಲೆಯ ಅರ್ಧಕ್ಕೆ ಕೇಳಲು ಯಾವ ಭಾಷೆ ಬೇಕು? ಎಲ್ಲಕ್ಕಿಂತ ಮುಖ್ಯವಾಗಿ, ಕಿಸೆಯಲ್ಲಿ ಕಾಸಿಲ್ಲದವನೂ ಪುಸ್ತಕದಂಗಡಿಯ ಮುಂದೆ ನಿಂತು ನಾಲ್ಕು ಪುಟ ತಿರುವಿಹಾಕಬಹುದಿತ್ತು. ಪರವೂರಿಗೆ ಹೊಸಬರಾಗಿ ಬಂದವರಿಗೆ ಇದರ ಬೆಲೆ ಗೊತ್ತು: ಬಾಡಿಗೆ ಕೋಣೆಯಲ್ಲದೆ, ಕಚೇರಿಯಲ್ಲದೆ ಹೊತ್ತು ಕಳೆಯಲು ಇನ್ನೊಂದು ಜಾಗ ಬೇಕು.

ಅಷ್ಟರಲ್ಲಿ ರೈಲ್ವೆಗೂ ಜಾಗ ಸಾಲದಾಗಿತ್ತು. ಸೆಂಟ್ರಲ್ ನಿಲ್ದಾಣ ಬೆಳೆಯಬೇಕಾಗಿತ್ತು, ಅದೂ ನ್ಯಾಯವೇ. 1985ರ ಮೇ 30ರಂದು ಮಾರ್ಕೆಟ್ಟಿಗೆ ಬೆಂಕಿ ಬಿತ್ತು. ಆ ನೆಲದಲ್ಲಿ ಮುಂದೆ ರೈಲ್ವೆಯ ಕಟ್ಟಡ ಎದ್ದಿತು. ಅದೇ ವರ್ಷ ಮೃಗಾಲಯವೂ ವಂಡಲೂರಿಗೆ ಹೋಯಿತು.

ವ್ಯಾಪಾರಿಗಳನ್ನು ಬೀದಿಪಾಲು ಮಾಡಲಿಲ್ಲ. ಸಮೀಪದ ಅಲ್ಲಿಕುಳಂ ಸಂಕೀರ್ಣದಲ್ಲಿ ಮಳಿಗೆಗಳನ್ನು ಕೊಟ್ಟರು. ಮಳಿಗೆಯೇನೋ ಸಿಕ್ಕಿತು, ಆದರೆ ದಾರಿಹೋಕರನ್ನು ಮಂಜೂರು ಮಾಡಿಕೊಡಲು ಯಾವ ಸರ್ಕಾರಕ್ಕೆ ಸಾಧ್ಯ? ಅಂಗಡಿ ಕದಲಿಸಿದಷ್ಟು ಸುಲಭವಾಗಿ ಜನರ ನಡೆದಾಟವನ್ನು ಕದಲಿಸಲಾಗದೆಂಬುದನ್ನು ನಗರದ ನಕ್ಷೆ ಬರೆಯುವವರು ಈಗಲೂ ಮರೆಯುತ್ತಾರೆಂದು ನಮಗನ್ನಿಸುತ್ತದೆ. ಹಳೆಯ ಪುಸ್ತಕ ಬೇಕಾದವರು ಅಲ್ಲಿಕುಳಂಗೆ ಅದಕ್ಕೆಂದೇ ಹೋಗಬೇಕು. ರೈಲಿಗೆ ಇನ್ನೂ ಅರ್ಧ ಗಂಟೆಯಿದೆಯೆಂದು ಸುಮ್ಮನೆ ಒಳಹೊಕ್ಕು ನೋಡುವ ದಾರಿ ಅದಲ್ಲ.