ಕಿರು ಡ್ಯಾಮ್ಸೆಲ್‌ಫ್ಲೈ: ಗುರುತು ಮತ್ತು ನೆಲೆ

ಕೃಷ್ಣಾ ತೀರದ ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಹಾಗೂ ಘಟಪ್ರಭಾ ತೀರದ ಮುಧೋಳ ತಾಲ್ಲೂಕುಗಳ ಕೆರೆ, ಕೃಷಿ ಹೊಂಡ ಮತ್ತು ಕಾಲುವೆಗಳ ಹುಲ್ಲಿನ ಅಂಚು ಈ ಕೀಟಕ್ಕೆ ತಕ್ಕ ನೆಲೆಯಾಗಿದೆ. ಏರೋಪ್ಲೇನ್ ಚಿಟ್ಟೆಯ ಬಂಧುವಾದ ಇದರ ವೈಜ್ಞಾನಿಕ ಹೆಸರು ಅಗ್ರಿಯೊಕ್ನೆಮಿಸ್ ಪಿಗ್ಮಿಯಾ. 1842ರಲ್ಲಿ ರಾಂಬೂರ್ ಎಂಬ ಕೀಟತಜ್ಞರು ಇದನ್ನು ವರ್ಣಿಸಿದರು. ಭಾರತದಲ್ಲಿ ವ್ಯಾಪಕವಾಗಿ ಹರಡಿದ್ದರೂ ಗಾತ್ರದ ಕಾರಣ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಉದರದ ಉದ್ದ ಸುಮಾರು 16-17 ಮಿ.ಮೀ., ಹಿಂದಿನ ರೆಕ್ಕೆಯದು 10 ಮಿ.ಮೀ. ಆಸುಪಾಸು.

ಕುಳಿತಾಗ ರೆಕ್ಕೆಗಳನ್ನು ಬೆನ್ನಿನ ಮೇಲೆ ಮಡಚಿಕೊಳ್ಳುತ್ತದೆ. ಗಂಡಿನ ಕಪ್ಪು ಎದೆಯ ಮೇಲೆ ಹಸಿರು ಪಟ್ಟೆಗಳಿದ್ದು, ಉದರದ ತುದಿ ಇಟ್ಟಿಗೆಗೆಂಪಾಗಿರುತ್ತದೆ. ಇಂತಹುದೇ ನೆಲೆಯಲ್ಲಿ ವಾಸಿಸುವ ಇಶ್ನುರಾ ಸೆನೆಗಲೆನ್ಸಿಸ್ ಗಂಡಿಗೆ ತುದಿಯ ಬಳಿ ನೀಲಿ ಬಣ್ಣವಿರುತ್ತದೆ. ಆದುದರಿಂದ ಮೊದಲು ಬಾಲದ ತುದಿಯನ್ನೇ ನೋಡತಕ್ಕದ್ದು. ಹೆಣ್ಣನ್ನು ಗುರುತಿಸುವುದು ತೊಡಕಿನ ಕೆಲಸ. ಎಳೆಯದು ಕೆಂಪು, ಬಲಿತದ್ದು ಹಸಿರು.

ಈ ಕೀಟವು ಹುಲ್ಲಿನ ನಡುವೆ ತಗ್ಗಿನಲ್ಲಿಯೇ ಹಾರುತ್ತದೆ. ಇದರ ಮರಿ ನೀರಿನಲ್ಲಿ ಸೊಳ್ಳೆಮರಿ ಮೊದಲಾದ ಸಣ್ಣ ಜೀವಿಗಳನ್ನು ತಿಂದು ಬೆಳೆಯುತ್ತದೆ. ಪೊರೆ ಕಳಚಿ ರೆಕ್ಕೆ ಬಿಚ್ಚಲು ಹುಲ್ಲು ಅಥವಾ ಜೊಂಡಿನ ಕಡ್ಡಿಯನ್ನು ಏರುತ್ತದೆ. ಹೂಳೆತ್ತುವಾಗ ದಡವನ್ನು ಪೂರ್ತಿ ಬೋಳಿಸಿದಲ್ಲಿ ಈ ಆಸರೆ ಇಲ್ಲವಾಗುತ್ತದೆ. ಒಂದು ಬದಿಯ ಹುಲ್ಲನ್ನಾದರೂ ಉಳಿಸಿ, ಆ ಅಂಚಿಗೆ ಕೀಟನಾಶಕ ತಾಗದಂತೆ ನೋಡಿಕೊಳ್ಳುವುದು ಸೂಕ್ತ.